ಮೌಸ್ ಅಲ್ಲಾಡದಿದ್ದರೆ ಕೆಲಸ ನಿಂತಿದೆ ಅಂತ ಅರ್ಥವಾ? ದಾವಣಗೆರೆಯ ಒಬ್ಬ ಟೀಮ್ ಲೀಡ್ ಕೇಳುತ್ತಿದ್ದೇನೆ

ವಿದ್ಯಾನಗರದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಟೀ ಇಟ್ಕೊಂಡು ಓದಿ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಪಿ.ಜೆ. ಬಡಾವಣೆಯ ಒಂದು ಮೆಡಿಕಲ್ ಕೋಡಿಂಗ್ ಆಫೀಸಿನಲ್ಲಿ ಟೀಮ್ ಲೀಡ್. ನನ್ನ ಕೈಕೆಳಗೆ 18 ಜನ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಮೆರಿಕದ ಆಸ್ಪತ್ರೆಗಳ ಚಾರ್ಟ್ ನಮ್ಮ ಪರದೆಗೆ ಬರುತ್ತದೆ. ಡಾಕ್ಟರ್ ಬರೆದದ್ದನ್ನು ಓದಿ ಪ್ರತಿ ಕಾಯಿಲೆಗೂ ಸರಿಯಾದ ಕೋಡ್ ಹಾಕಬೇಕು. ಅದನ್ನು ನೋಡಿ ಇನ್ಶೂರೆನ್ಸ್‌ನವರು ದುಡ್ಡು ಕೊಡುತ್ತಾರೆ. ಅಲ್ಲಿ 2015ರ ಅಕ್ಟೋಬರ್‌ನಿಂದ ಐಸಿಡಿ-10 ಪದ್ಧತಿ ಇದೆ. ಕಾಯಿಲೆಯ ಕೋಡ್‌ಗಳೇ ಹತ್ತಿರ ಹತ್ತಿರ 70 ಸಾವಿರ. ಮನೆಯಲ್ಲಿ ಎಲ್ಲರೂ ಇದನ್ನು ಟೈಪಿಂಗ್ ಕೆಲಸ ಅಂದುಕೊಂಡಿದ್ದಾರೆ. ಅಲ್ಲ, ಇದು ಓದುವ ಕೆಲಸ.

ಆರು ತಿಂಗಳ ಹಿಂದೆ ಬೆಂಗಳೂರಿನ ಹೆಡ್ ಆಫೀಸಿನಿಂದ ಒಂದು ಸಾಫ್ಟ್‌ವೇರ್ ಬಂತು. ಹತ್ತು ನಿಮಿಷಕ್ಕೊಮ್ಮೆ ಪರದೆಯ ಫೋಟೋ ತೆಗೆಯುತ್ತದೆ. ಕೀಬೋರ್ಡ್, ಮೌಸ್ ಎಷ್ಟು ಸಲ ಆಡಿತು ಅಂತ ಎಣಿಸುತ್ತದೆ. ನಾಲ್ಕು ನಿಮಿಷ ಸುಮ್ನಿದ್ದರೆ ಹೆಸರಿನ ಮುಂದೆ ಕೆಂಪು ಪಟ್ಟಿ. ಅದನ್ನು ಎಲ್ಲರ ಕಂಪ್ಯೂಟರಿಗೂ ಹಾಕಿದವನು ನಾನೇ. ಆಗ ನನಗೆ ತಪ್ಪು ಅಂತ ಅನಿಸಿರಲೂ ಇಲ್ಲ. ನಿಜ ಹೇಳಬೇಕಂದ್ರೆ ಮೊದಲ ವಾರ ಖುಷಿಯಾಗಿತ್ತು, ಯಾರು ಏನು ಮಾಡ್ತಿದ್ದಾರೆ ಅಂತ ಕೂತಲ್ಲೇ ಕಾಣುತ್ತಿತ್ತಲ್ಲ.

ಮೊದಲ ಎರಡು ತಿಂಗಳು ಚಾರ್ಟ್‌ಗಳ ಸಂಖ್ಯೆ ಏರಿತು. ಹೆಡ್ ಆಫೀಸಿನವರು ಶಭಾಷ್ ಅಂದರು. ಮೂರನೇ ತಿಂಗಳು ಕ್ಲೈಂಟ್ ಕಡೆಯಿಂದ ಆಡಿಟ್ ಬಂತು. ನೂರಕ್ಕೆ 95 ಸರಿ ಇರಬೇಕು ಅಂತ ನಮ್ಮ ಒಪ್ಪಂದ. ನಾವು 91ಕ್ಕೆ ಇಳಿದಿದ್ದೆವು.

ತಪ್ಪುಗಳನ್ನು ಕೂತು ನೋಡಿದೆ. ಎಲ್ಲ ಒಂದೇ ಜಾತಿಯವು. ಒಬ್ಬ ರೋಗಿಗೆ ಸಕ್ಕರೆ ಕಾಯಿಲೆ. ಮೊದಲ ಪುಟ ಮಾತ್ರ ಓದಿದರೆ ಇ 11.9, ಅಂದರೆ ತೊಡಕಿಲ್ಲದ ಸಕ್ಕರೆ ಕಾಯಿಲೆ. ಹದಿನಾರನೇ ಪುಟದಲ್ಲಿ ಡಾಕ್ಟರು ಕಿಡ್ನಿ ಕಾಯಿಲೆಯ ಬಗ್ಗೆಯೂ ಬರೆದಿದ್ದಾರೆ. ಅಲ್ಲಿಗೆ ಹೋದವರಿಗೆ ಅದು ಇ 11.22 ಅಂತ ಗೊತ್ತಾಗುತ್ತದೆ. ನಮ್ಮವರು ಹದಿನಾರನೇ ಪುಟಕ್ಕೆ ಹೋಗಿರಲಿಲ್ಲ. ಇನ್ನೊಂದು, ನ್ಯುಮೋನಿಯಾ. ಕಫದ ಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯಾ ಅಂತ ಬಂದಿದೆ, ಆದರೆ ಡಾಕ್ಟರ್ ಅದನ್ನು ಬರೆದಿಲ್ಲ. ಲ್ಯಾಬ್ ರಿಪೋರ್ಟ್ ನೋಡಿ ನಾವಾಗಿ ಕೋಡ್ ಹಾಕುವ ಹಾಗಿಲ್ಲ, ಡಾಕ್ಟರಿಗೆ ಕ್ವೆರಿ ಕಳಿಸಿ ಕೇಳಬೇಕು. ಕ್ವೆರಿ ಬರೆಯೋಕೆ ಹೊತ್ತು ಬೇಕು, ಉತ್ತರಕ್ಕೆ ಕಾಯಬೇಕು. ಹಾಗಾಗಿ ಕಣ್ಣು ಮುಚ್ಚಿ ಜೆ 18.9, ಅಂದರೆ ‘ಯಾವುದೋ ಒಂದು ನ್ಯುಮೋನಿಯಾ’.

ಓದುವಾಗ ಮೌಸ್ ಅಲ್ಲಾಡುವುದಿಲ್ಲ. ಯೋಚನೆ ಮಾಡುವಾಗ ಮೊದಲೇ ಇಲ್ಲ. ನಾನು ಓದುವುದಕ್ಕೇ ಕೆಂಪು ಪಟ್ಟಿ ಹಾಕಿ ಕೂತಿದ್ದೆ. ಆ ತಿಂಗಳು ಇಬ್ಬರು ಒಳ್ಳೆಯ ಕೋಡರ್‌ಗಳು ರಾಜೀನಾಮೆ ಕೊಟ್ಟರು.

ಈಗ ನನ್ನ ಪ್ರಶ್ನೆ. ಇದನ್ನು ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತಾ? ನಂಬಿಕೆ ನಂಬಿಕೆ ಅಂತೀವಲ್ಲ, ಅದನ್ನು ಆಫೀಸಿನಲ್ಲಿ ಹೇಗೆ ಕೊಡುವುದು?

ಮಂಡಕ್ಕಿ ಮೆಣಸಿನಕಾಯಿ

ಕೈಗಡಿಯಾರದ ಮೇಲೆ ಮೌಸ್ ಇಟ್ಟರೆ ಸೆಕೆಂಡ್ ಮುಳ್ಳಿಗೆ ಕರ್ಸರ್ ತಾನೇ ಅಲ್ಲಾಡುತ್ತೆ ಸರ್. ನಿಮ್ಮ 18 ಜನದಲ್ಲಿ ಎಷ್ಟು ಜನ ಹೊಸ ವಾಚ್ ತಗೊಂಡಿದ್ದಾರೆ ನೋಡಿ.

ನೈಟ್ ಶಿಫ್ಟ್

ನಾನು ಇದೇ ಊರಿನ ಬೇರೆ ಆಫೀಸಿನಲ್ಲಿ ಕೋಡರ್. ನಮ್ಮಲ್ಲೂ ಇದೇ ಕಥೆ. ವಾಚ್ ವಿಷಯ ತಮಾಷೆ ಅಲ್ಲ, ನಾನೇ ಮಾಡಿದ್ದೇನೆ.

ಸರ್, ನಿಮಗೆ ಒಂದು ಗೊತ್ತಾಗಬೇಕು. ಆ ಕೆಂಪು ಪಟ್ಟಿ ಬಂದ ಮೇಲೆ ನಾನು ಜಾಸ್ತಿ ಕೆಲಸ ಮಾಡಲಿಲ್ಲ, ಕೆಲಸ ಮಾಡುವ ಹಾಗೆ ಕಾಣೋದನ್ನು ಕಲಿತೆ. ಮೊದಲು ಕಷ್ಟದ ಚಾರ್ಟ್ ಬಂದರೆ ಒಂಥರಾ ಖುಷಿ ಇತ್ತು. ಐಸಿಯು ಕೇಸ್, 200 ಪುಟ, ಎಲ್ಲಿ ಏನಿದೆ ಅಂತ ಹುಡುಕುವುದು. ಈಗ ಅಂಥದ್ದು ಬಂದರೆ ಎದೆ ಧಸಕ್ ಅನ್ನುತ್ತೆ. ಸುಲಭದ ಚಾರ್ಟ್ ಯಾರು ಮೊದಲು ಎತ್ತಿಕೊಳ್ಳುತ್ತಾರೆ ಅಂತ ನಮ್ಮಲ್ಲಿ ಪೈಪೋಟಿ.

ಇನ್ನೊಂದು ವಿಷಯ. ನಮ್ಮಲ್ಲಿ ಫೋನ್ ಹೊರಗೆ ಲಾಕರಿನಲ್ಲಿ ಇಡಬೇಕು. ಒಳಗೆ ಪೆನ್ನು ಕಾಗದ ಕೂಡ ಇಲ್ಲ. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ರೋಗಿಯ ಮಾಹಿತಿ ಹೊರಗೆ ಹೋಗಬಾರದು, ಅದಕ್ಕೆ ಅಮೆರಿಕದಲ್ಲಿ 1996ರಿಂದ ಹಿಪಾ ಅನ್ನುವ ಕಾನೂನೇ ಇದೆ. ಕಾರಣ ಗೊತ್ತು, ಮ್ಯಾನೇಜರಿಗೂ ಅದೇ ನಿಯಮ. ಆದರೆ ಈ ಫೋಟೋ ತೆಗೆಯೋದು ಮ್ಯಾನೇಜರಿಗೆ ಇಲ್ಲ. ನಮಗೆ ಮಾತ್ರ.

ಮಂಡಿಪೇಟೆ ಅಂಗಡಿ

ಎಲ್ಲರೂ ಬಡಪಾಯಿ ಟೀಮ್ ಲೀಡ್ ಮೇಲೆ ಬೀಳಬೇಡ್ರಿ. ದುಡ್ಡು ಹಾಕಿದವನ ಕಷ್ಟ ಯಾರಿಗೂ ಬೇಡ.

ನಮ್ಮದು ಅಪ್ಪನ ಕಾಲದ ದಲಾಲಿ ಅಂಗಡಿ. ಮೆಕ್ಕೆಜೋಳದ ಸೀಜನ್ನಿನಲ್ಲಿ ಲಾರಿ ಮೇಲೆ ಲಾರಿ. ಹಳೇ ಗುಮಾಸ್ತರೊಬ್ಬರು ಇದ್ದರು. ಅಪ್ಪ ಅವರಿಗೆ ಪೆಟ್ಟಿಗೆಯ ಬೀಗದ ಕೈ ಕೊಟ್ಟು ತೀರ್ಥಯಾತ್ರೆಗೆ ಹೋಗುತ್ತಿದ್ದರು. ಹತ್ತು ಪೈಸೆ ಆಚೀಚೆ ಆಗಲಿಲ್ಲ. ಅವರು ಹೋದ ಮೇಲೆ ನಾನೂ ಹಾಗೇ ಒಬ್ಬ ಹುಡುಗನನ್ನು ನಂಬಿದೆ. ಒಂದು ವರ್ಷಕ್ಕೆ ತೂಕದ ಚೀಟಿಯಲ್ಲೇ ಆಟ ಆಡಿದ. ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನೋ ಹಾಗೆ, ಅವನ ಜೊತೆ ಇನ್ನಿಬ್ಬರು ಸೇರಿಕೊಂಡರು.

ಅವತ್ತಿನಿಂದ ಅಂಗಡಿಯಲ್ಲಿ ಕ್ಯಾಮೆರಾ. ತಪ್ಪೇನು?

ಲೆಕ್ಕದ ಮೇಡಂ

ತಪ್ಪಿಲ್ಲ ಅಣ್ಣಾ, ಆದರೆ ತೂಕದ ಚೀಟಿ ಮೋಸ ನಿಮಗೆ ಗೊತ್ತಾಗಿದ್ದು ಹೇಗೆ? ಕ್ಯಾಮೆರಾದಿಂದಲ್ಲ ಅಲ್ವಾ?

ಮಂಡಿಪೇಟೆ ಅಂಗಡಿ

ಇಲ್ಲ. ಆಗ ಕ್ಯಾಮೆರಾ ಇರಲಿಲ್ಲ. ಒಬ್ಬ ರೈತ ಬಂದು ಚೀಟಿ ತೋರಿಸಿ ಜಗಳ ಮಾಡಿದ. ಲೆಕ್ಕ ತಾಳೆ ನೋಡಿದೆ, ಸಿಕ್ಕಿಬಿದ್ದ.

ಲೆಕ್ಕದ ಮೇಡಂ

ಅದೇ ನಾನು ಹೇಳೋದು. ಕೂತವನನ್ನು ಕಾಯೋದು ಬೇರೆ, ಬಂದ ಕೆಲಸವನ್ನು ಪರೀಕ್ಷೆ ಮಾಡೋದು ಬೇರೆ. ನಾವು ಲೆಕ್ಕಪರಿಶೋಧಕರು ಇಡೀ ಜೀವನ ಎರಡನೆಯದನ್ನೇ ಮಾಡುತ್ತೇವೆ.

ನಮ್ಮ ಆಫೀಸಿನ ವಿಷಯ ಹೇಳುತ್ತೇನೆ. ಸಿ.ಎ. ಓದುವ ಹುಡುಗರು ಕೆಲಸ ಕಲಿಯುವ ಆರ್ಟಿಕಲ್‌ಶಿಪ್‌ಗೆ ಬರುತ್ತಾರೆ. ಮೊದಲು ಮೂರು ವರ್ಷ ಇತ್ತು, ಹೊಸ ಪದ್ಧತಿಯಲ್ಲಿ ಎರಡೇ. ಹಿಂದೆ ನಾನೂ ಎಲ್ಲರ ಹಾಗೆ ಮಾಡುತ್ತಿದ್ದೆ. ಒಬ್ಬನಿಗೆ ಬರೀ ವೋಚರ್ ನೋಡುವುದು, ಇನ್ನೊಬ್ಬನಿಗೆ ಬರೀ ಜಿಎಸ್‌ಟಿ ತಾಳೆ ಹಾಕುವುದು. ಕೊನೆಯಲ್ಲಿ ಎಲ್ಲವನ್ನೂ ಹೊಲಿಯುವವಳು ನಾನು. ಅವರಿಗೆ ಬೇಜಾರು, ನನಗೆ ಸೆಪ್ಟೆಂಬರ್ ಬಂತೆಂದರೆ ನಿದ್ದೆ ಇಲ್ಲ. 30ಕ್ಕೆ ಟ್ಯಾಕ್ಸ್ ಆಡಿಟ್ ಗಡುವು.

ಎರಡು ವರ್ಷದ ಹಿಂದೆ ಬದಲಾಯಿಸಿದೆ. ಒಂದು ಫೈಲು ಅಂದರೆ ಪೂರ್ತಿ ಫೈಲು ಒಬ್ಬರಿಗೆ. ಪಾರ್ಟಿ ಜೊತೆ ಮಾತಾಡುವುದೂ ಅವರೇ, ಯಾವ ಕಾಗದ ಬೇಕು ಅಂತ ಕೇಳುವುದೂ ಅವರೇ. ನಾನು ಎರಡು ಕಡೆ ಮಾತ್ರ ನೋಡುತ್ತೇನೆ, ಶುರುವಿನಲ್ಲಿ ಒಂದು ಸಲ, ಸಹಿಗೆ ಮುಂಚೆ ಒಂದು ಸಲ. ಸಹಿ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ. ಕಾನೂನು ಕೇಳುವುದು ನನ್ನನ್ನೇ, ಪ್ರತಿ ವರದಿಗೂ ನನ್ನ ಹೆಸರಿನ ಯುಡಿಐಎನ್ ನಂಬರ್ ಇರುತ್ತೆ, ಯಾರು ಸಹಿ ಹಾಕಿದ್ದು ಅಂತ ಅದರಿಂದಲೇ ಗೊತ್ತಾಗುತ್ತೆ. ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ಎಲ್ಲಿ ತನಕ ನಿಮ್ಮದು, ಎಲ್ಲಿಂದ ನನ್ನದು ಅಂತ. ನೈಟ್ ಶಿಫ್ಟ್ ಅವರು ಹೇಳಿದ ಫೋನ್ ಲಾಕರ್ ಹಾಗೇ, ಕಾರಣ ಗೊತ್ತಿದ್ದರೆ ಯಾರಿಗೂ ಅವಮಾನ ಅನಿಸಲ್ಲ.

ಮೊದಲ ವರ್ಷ ತಪ್ಪು ಜಾಸ್ತಿ ಆಯಿತು, ಸುಳ್ಳು ಹೇಳಲ್ಲ. ಒಂದು ಫೈಲಿಗಾಗಿ ಪಾರ್ಟಿ ಮನೆಗೇ ಹೋಗಿ ಕೈ ಮುಗಿದು ಬಂದಿದ್ದೇನೆ.

ಜಾಬರ್ ಮಗ

ನಾನು ಬ್ಯಾಂಕಿನಿಂದ ನಿವೃತ್ತ. ನಮ್ಮ ತಂದೆ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ಜಾಬರ್ ಆಗಿದ್ದರು. ಈಗಿನ ಮಕ್ಕಳಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ. ನಮ್ಮ ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುತ್ತಿದ್ದರು. ಗಿರಣಿಯ ಸೈರನ್ ಕೇಳಿ ಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದರು.

ಜಾಬರ್ ಕೆಲಸ ಏನಪ್ಪಾ ಅಂದರೆ, ಸಾಲಿನಲ್ಲಿ ನಡೆಯುವುದು, ಯಾವ ಕದಿರು ನಿಂತಿದೆ, ಎಲ್ಲಿ ನೂಲು ಹರಿದಿದೆ ನೋಡುವುದು. ಅಲ್ಲಿ ಕಣ್ಣಿಗೆ ಕಾಣುವುದೇ ಕೆಲಸ. ಯಂತ್ರ ನಿಂತಿತು ಅಂದರೆ ಕೆಲಸ ನಿಂತಿತು. ತಂದೆಯವರು ಹತ್ತು ಹೆಜ್ಜೆ ದೂರದಿಂದಲೇ ಹೇಳಬಲ್ಲವರಾಗಿದ್ದರು.

ವಿದ್ಯಾನಗರದವರೇ, ನಿಮ್ಮ ಸಾಫ್ಟ್‌ವೇರ್ ನಮ್ಮ ತಂದೆಯ ಕೆಲಸ ಮಾಡುತ್ತಿದೆ. ಆದರೆ ನಿಮ್ಮಲ್ಲಿ ಕದಿರು ಇರುವುದು ಜನರ ತಲೆಯೊಳಗೆ. ಪೀಟರ್ ಡ್ರಕರ್ ಅಂತ ಒಬ್ಬ ಚಿಂತಕ, 1959ರಲ್ಲೇ ಇಂಥವರಿಗೆ ‘ಜ್ಞಾನ ಕೆಲಸಗಾರ’ ಅನ್ನೋ ಹೆಸರು ಕೊಟ್ಟ. ಬ್ಯಾಂಕಿನ ತರಬೇತಿಯಲ್ಲಿ ನಮಗೂ ಅವನ ಪಾಠ ಇತ್ತು. ಅವನು ಹೇಳಿದ ಒಂದು ಮಾತು ಇನ್ನೂ ನೆನಪಿದೆ. ಗಿರಣಿಯಲ್ಲಿ ‘ಹೇಗೆ ಮಾಡಬೇಕು’ ಅಂತ ಕೇಳಬೇಕು, ಇಲ್ಲಿ ಮೊದಲು ‘ಏನು ಮಾಡಬೇಕು’ ಅಂತ ಕೇಳಬೇಕು. ಅದಕ್ಕೆ ಉತ್ತರ ಗೊತ್ತಿರುವುದು ಕೆಲಸ ಮಾಡುವವನಿಗೇ.

ಬ್ಯಾಂಕಿನಲ್ಲಿ ಬ್ರಾಂಚ್ ಮ್ಯಾನೇಜರ್ ಆಗಿದ್ದಾಗ ಇಷ್ಟು ಲಕ್ಷದವರೆಗೆ ಸಾಲ ನಾನೇ ಮಂಜೂರು ಮಾಡಬಹುದು ಅಂತ ಮಿತಿ ಇತ್ತು. ರೈತನ ಹೊಲಕ್ಕೆ ಹೋಗಿ ನೋಡಿ ಕೊಡುತ್ತಿದ್ದೆ. ಹಿಂದೆಯೇ ಆಡಿಟ್ ಬರುತ್ತಿತ್ತು, ಒಂದೊಂದು ಸಾಲಕ್ಕೂ ಉತ್ತರ ಕೊಡಬೇಕಿತ್ತು. ಅದರಿಂದ ನನಗೆ ಬೇಸರ ಆಗಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಎಲ್ಲ ದೂರದ ಒಂದು ಕೇಂದ್ರಕ್ಕೆ ಹೋಯಿತು. ನಾನು ಬರೀ ಕಾಗದ ಸ್ಕ್ಯಾನ್ ಮಾಡಿ ಕಳಿಸುವವನಾದೆ. ಸಂಬಳ ಅಷ್ಟೇ ಇತ್ತು, ಕೆಲಸವೂ ಹಗುರ. ನಿವೃತ್ತಿಗೆ ದಿನ ಎಣಿಸಲು ಶುರು ಮಾಡಿದ್ದು ಆಗಲೇ.

ದುರ್ಗದವಳು

ಚಿತ್ರದುರ್ಗದಿಂದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಇಲ್ಲಿ ಎಲ್ಲರೂ ಅಧಿಕಾರ ಕೊಟ್ಟರೆ ಎಲ್ಲ ಸರಿ ಅನ್ನೋ ಹಾಗೆ ಮಾತಾಡ್ತಿದ್ದೀರಿ. ನನ್ನ ಕಥೆ ಉಲ್ಟಾ.

ನಮ್ಮ ಕಂಪನಿಯಲ್ಲಿ ಫೋಟೋ ತೆಗೆಯುವ ಸಾಫ್ಟ್‌ವೇರ್ ಇಲ್ಲ. ಎಲ್ಲರೂ ತುಂಬಾ ಒಳ್ಳೆಯವರು. ‘ಈ ಭಾಗಕ್ಕೆ ನೀನೇ ಓನರ್, ನಿನ್ನನ್ನು ಪೂರ್ತಿ ನಂಬಿದ್ದೇವೆ’ ಅಂದರು. ನಾನೂ ಉಬ್ಬಿಹೋದೆ. ಒಂದು ಶುಕ್ರವಾರ ಸಂಜೆ ರಿಲೀಸ್ ಇತ್ತು. ಪೇಮೆಂಟ್ ಭಾಗದಲ್ಲಿ ತೊಂದರೆ ಇದೆ, ನಿಲ್ಲಿಸಿ ಅಂದೆ. ನಿಲ್ಲಿಸುವ ಬಟನ್ ನನ್ನ ಕೈಯಲ್ಲಿರಲಿಲ್ಲ. ಅದಕ್ಕೆ ಮೂರು ಜನರ ಒಪ್ಪಿಗೆ ಬೇಕು, ಇಬ್ಬರು ಫೋನ್ ಎತ್ತಲಿಲ್ಲ. ರಿಲೀಸ್ ಆಯಿತು. ಸೋಮವಾರ ಮೀಟಿಂಗಿನಲ್ಲಿ ಮೊದಲ ಪ್ರಶ್ನೆ: ‘ಓನರ್ ಯಾರು?’

ಹೊಣೆ ನನ್ನದು, ಬೀಗದ ಕೈ ಅವರದು.

ಮಂಡಕ್ಕಿ ಮೆಣಸಿನಕಾಯಿ

ದುರ್ಗದವರಾಗಿ ಹೀಗಂದ್ರೆ ಹೇಗೆ ಅಕ್ಕಾ? ಓಬವ್ವ ಮೂರು ಜನರ ಒಪ್ಪಿಗೆ ಕೇಳಿದ್ಲಾ? ಗಂಡ ಊಟಕ್ಕೆ ಕೂತಿದ್ದ, ಕಿಂಡಿಯಲ್ಲಿ ವೈರಿ ಕಂಡ, ಮುಗೀತು.

ದುರ್ಗದವಳು

ಓಬವ್ವನಿಗೆ ಒನಕೆಯಾದರೂ ಕೈಯಲ್ಲಿತ್ತು ಅಣ್ಣಾ.

ಜಾಬರ್ ಮಗ

ಒಳ್ಳೇ ಮಾತು. ಟೊಯೋಟಾ ಕಾರ್ಖಾನೆಯಲ್ಲಿ ಸಾಲಿನ ಮೇಲೆ ಒಂದು ಹಗ್ಗ ಇರುತ್ತದೆ. ತಪ್ಪು ಕಂಡ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ನಮ್ಮ ತಂದೆಯ ಗಿರಣಿಯಲ್ಲಿ ಹಾಗೆ ನಿಲ್ಲಿಸಿದ್ದರೆ ಮರುದಿನ ಗೇಟ್ ಒಳಗೆ ಬಿಡುತ್ತಿರಲಿಲ್ಲ.

ಪಾಠದ ಮೇಷ್ಟ್ರು

ಕಾಲೇಜಿನಲ್ಲಿ ಎಂಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ನೀವೆಲ್ಲ ಅನುಭವದಿಂದ ಹೇಳಿದ್ದನ್ನೇ ನಾವು ಪುಸ್ತಕದಿಂದ ಹೇಳುತ್ತೇವೆ, ಕ್ಷಮಿಸಿ.

ಮಂಡಿಪೇಟೆಯ ಯಜಮಾನರಿಗೆ ಮೊದಲು. 1995ರಲ್ಲಿ ಮೇಯರ್, ಡೇವಿಸ್, ಶೂರ್‌ಮನ್ ಅನ್ನುವ ಮೂವರು ಒಂದು ಲೇಖನ ಬರೆದರು. ಒಬ್ಬರನ್ನು ನಂಬುವಾಗ ನಾವು ಮೂರು ವಿಷಯ ನೋಡುತ್ತೇವೆ ಅಂತ. ಅವನಿಗೆ ಕೆಲಸ ಬರುತ್ತದಾ, ನನ್ನ ಒಳ್ಳೇದು ಬಯಸುತ್ತಾನಾ, ಮಾತಿಗೆ ತಪ್ಪದವನಾ. ನಿಮ್ಮ ಹಳೇ ಗುಮಾಸ್ತರ ಬಳಿ ಮೂರೂ ಇದ್ದವು. ಆ ಹುಡುಗನಲ್ಲಿ ಮೊದಲನೆಯದು ಮಾತ್ರ ಇತ್ತು ಅನಿಸುತ್ತದೆ. ಆ ಮೂವರು ಇನ್ನೊಂದು ಹೇಳುತ್ತಾರೆ: ನಂಬುವುದು ಅಂದರೆ ನಷ್ಟ ಆಗಬಹುದು ಅಂತ ಗೊತ್ತಿದ್ದೂ ಕೈ ಬಿಡುವುದು. ನಷ್ಟದ ಭಯವೇ ಇಲ್ಲದ ಕಡೆ ನಂಬಿಕೆಯ ಮಾತೇ ಬರುವುದಿಲ್ಲ.

ಅದೇ 1995ರಲ್ಲಿ ಗ್ರೆಚೆನ್ ಸ್ಪ್ರೈಟ್ಜರ್ ಅನ್ನುವವರು ಅಧಿಕಾರ ಸಿಕ್ಕಿದೆ ಅಂತ ಒಬ್ಬರಿಗೆ ಯಾವಾಗ ಅನಿಸುತ್ತದೆ ಅಂತ ಅಳೆದು ನೋಡಿದರು. ಕೆಲಸಕ್ಕೆ ಅರ್ಥ ಇರಬೇಕು, ನನಗೆ ಬರುತ್ತದೆ ಅನ್ನೋ ಧೈರ್ಯ ಬೇಕು, ಹೇಗೆ ಮಾಡಲಿ ಅಂತ ನಾನೇ ತೀರ್ಮಾನಿಸಬೇಕು, ನಾನು ಮಾಡಿದ್ದರಿಂದ ಏನಾದರೂ ಬದಲಾಗಬೇಕು. ದುರ್ಗದವಳಿಗೆ ಮೊದಲ ಎರಡು ಇದ್ದವು, ಕೊನೆಯದು ಇರಲಿಲ್ಲ. ಅವಳು ನಿಲ್ಲಿಸಿ ಅಂದದ್ದರಿಂದ ಏನೂ ಬದಲಾಗಲಿಲ್ಲ.

ಈಗ ಕೆಂಪು ಪಟ್ಟಿ. 2006ರಲ್ಲಿ ಫಾಲ್ಕ್ ಮತ್ತು ಕೋಸ್‌ಫೆಲ್ಡ್ ಅನ್ನುವ ಅರ್ಥಶಾಸ್ತ್ರಜ್ಞರ ಒಂದು ಪ್ರಯೋಗ ಪ್ರಕಟವಾಯಿತು. ಒಬ್ಬ ಯಜಮಾನ, ತನ್ನ ಪಾಲಿನಿಂದ ಅವನಿಗೆ ಎಷ್ಟು ಕೊಡಲಿ ಅಂತ ತೀರ್ಮಾನಿಸುವ ಒಬ್ಬ ಕೆಲಸದವ. ಯಜಮಾನ ‘ಕನಿಷ್ಠ ಇಷ್ಟು ಕೊಡಲೇಬೇಕು’ ಅಂತ ಕಟ್ಟು ಹಾಕಬಹುದು, ಹಾಕದೆಯೂ ಬಿಡಬಹುದು. ಕಟ್ಟು ಹಾಕಿದಾಗ ಹೆಚ್ಚಿನವರು ಕೊಡುವುದನ್ನು ಕಡಿಮೆ ಮಾಡಿದರು. ನನ್ನನ್ನು ನಂಬಿಲ್ಲ ಅಂದಮೇಲೆ ಕೇಳಿದಷ್ಟೇ ಸಾಕು ಅಂತ. ಒಂದಿಷ್ಟು ಜನ ಕಟ್ಟು ಇಲ್ಲದಿದ್ದಾಗ ಏನೂ ಕೊಡಲಿಲ್ಲ, ಅದನ್ನೂ ಹೇಳಬೇಕು. ನಿಮ್ಮ ತೂಕದ ಚೀಟಿಯ ಹುಡುಗ ಆ ಗುಂಪಿನವನು.

ಕ್ವೆರಿ ವಿಷಯಕ್ಕೆ ಬರುತ್ತೇನೆ. ಏಮಿ ಎಡ್ಮಂಡ್‌ಸನ್ ಅಂತ ಒಬ್ಬರು ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ನೋಡಲು ಹೋದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಅಲ್ಲೇ ಜಾಸ್ತಿ! ಆಮೇಲೆ ಗೊತ್ತಾಗಿದ್ದು, ಒಳ್ಳೆಯ ತಂಡದವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ವಿದ್ಯಾನಗರದವರೇ, ಸಾಫ್ಟ್‌ವೇರ್ ಬರುವ ಮುಂಚೆ ನಿಮ್ಮಲ್ಲಿ ಕ್ವೆರಿ ಎಷ್ಟಿತ್ತು, ಬಂದ ಮೇಲೆ ಎಷ್ಟಾಯಿತು ನೋಡಿದ್ದೀರಾ?

ವಿದ್ಯಾನಗರದವ

ಈಗಷ್ಟೇ ನೋಡಿದೆ ಮೇಷ್ಟ್ರೇ. ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ನಾಚಿಕೆಯ ವಿಷಯ ಏನಂದ್ರೆ, ಆಗ ನಾನು ‘ಕ್ವೆರಿ ಕಡಿಮೆಯಾಗಿದೆ, ಹುಡುಗರು ಸುಧಾರಿಸಿದ್ದಾರೆ’ ಅಂತ ಹೆಡ್ ಆಫೀಸಿಗೆ ಮೇಲ್ ಬರೆದಿದ್ದೆ.

ನೈಟ್ ಶಿಫ್ಟ್

ಮೇಷ್ಟ್ರೇ, ಒಂದು ಸಂಶಯ. ಮನಸ್ಸಿಗೆ ಖುಷಿ ಇದ್ದರೆ ಕೆಲಸ ಜಾಸ್ತಿ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಆಫೀಸಿನಲ್ಲಿ ಕೇಕ್ ಕಟ್ ಮಾಡ್ತಾರೆ, ರಂಗೋಲಿ ಸ್ಪರ್ಧೆ ಇಡ್ತಾರೆ. ಕೆಲಸ ಏನೂ ಸುಧಾರಿಸಿಲ್ಲ.

ಪಾಠದ ಮೇಷ್ಟ್ರು

ಕೇಕ್ ತಿನ್ನಿ, ಆದರೆ ನೆಚ್ಚಿಕೊಳ್ಳಬೇಡಿ. ತೃಪ್ತಿಗೂ ಕೆಲಸದ ಗುಣಕ್ಕೂ ನಂಟಿದೆ, ಆದರೆ ಜನ ಅಂದುಕೊಂಡಷ್ಟು ಬಿಗಿ ಅಲ್ಲ. 2001ರಲ್ಲಿ ಹಳೆಯ ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಆ ನಂಟು 0.30ರ ಹತ್ತಿರ ಬಂತು. ಪೂರ್ತಿ ಬಿಗಿ ಇದ್ದರೆ 1 ಬರುತ್ತೆ, ಏನೂ ಇಲ್ಲದಿದ್ದರೆ ಸೊನ್ನೆ. ಸರಳ ಕೆಲಸಕ್ಕಿಂತ ತಲೆ ಖರ್ಚು ಮಾಡುವ ಕೆಲಸದಲ್ಲಿ ಇದು ಹೆಚ್ಚು ಬಿಗಿಯಾಗಿತ್ತು. ಸ್ವಂತ ಬುದ್ಧಿ ಓಡಿಸೋಕೆ ಜಾಗ ಇದ್ದ ಕಡೆ ಮನಸ್ಸಿನ ಸ್ಥಿತಿ ಕೆಲಸದಲ್ಲಿ ಕಾಣುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಶಾಂಘೈನ ಒಂದು ದೊಡ್ಡ ಟ್ರಾವೆಲ್ ಕಂಪನಿಯ ಕಾಲ್ ಸೆಂಟರ್ ಕಥೆಯೂ ಕೇಳಿ. ನಿಕೊಲಸ್ ಬ್ಲೂಮ್ ತಂಡದ್ದು, 2015ರಲ್ಲಿ ಪ್ರಕಟವಾಯಿತು. ಒಂದಿಷ್ಟು ಜನರನ್ನು ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಲು ಬಿಟ್ಟರು. ಕೆಲಸ 13 ಶೇಕಡಾ ಏರಿತು, ಬಿಟ್ಟುಹೋಗುವವರು ಅರ್ಧಕ್ಕೆ ಇಳಿದರು. ಆಮೇಲೆ ಕಂಪನಿ ‘ಮನೆಯೋ ಆಫೀಸೋ ನೀವೇ ಆರಿಸಿಕೊಳ್ಳಿ’ ಅಂದಿತು. ಅರ್ಧಕ್ಕಿಂತ ಹೆಚ್ಚು ಜನ ಜಾಗ ಬದಲಾಯಿಸಿದರು. ಮನೆಯಲ್ಲಿ ಒಂಟಿತನ ಅಂತ ಎಷ್ಟೋ ಜನ ಆಫೀಸಿಗೇ ವಾಪಸ್ ಬಂದರು. ಆಗ ಮನೆಯಿಂದ ಮಾಡುವವರ ಕೆಲಸದ ಏರಿಕೆ 22 ಶೇಕಡಾಕ್ಕೆ ಹೋಯಿತು. ಕೂತ ಜಾಗಕ್ಕಿಂತ ಆರಿಸಿಕೊಂಡದ್ದು ಮುಖ್ಯವಾಯಿತು.

ಮಂಡಿಪೇಟೆ ಅಂಗಡಿ

ಶಾಂಘೈ ಬಿಡ್ರಿ. ವಿದ್ಯಾನಗರದವರೇ, ನೀವು ಏನು ಮಾಡ್ತೀರಿ ಈಗ? ನಿಮ್ಮ ಕೈಯಲ್ಲಿ ಏನಿದೆ?

ವಿದ್ಯಾನಗರದವ

ಸರಿಯಾದ ಪ್ರಶ್ನೆ. ಸಾಫ್ಟ್‌ವೇರ್ ತೆಗೆಯುವ ಅಧಿಕಾರ ನನಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮಲ್ಲಿ ನಾನು ಪೂಜಾರಿಯೂ ಅಲ್ಲ, ಗಂಟೆ ಹೊಡೆಯುವವನು. ನನ್ನ ಪರದೆಯ ಫೋಟೋ ಕೂಡ ಬೆಂಗಳೂರಿನಲ್ಲಿ ಒಬ್ಬರು ನೋಡುತ್ತಾರೆ ಅಂತ ಮೊನ್ನೆ ಗೊತ್ತಾಯಿತು.

ಆದರೂ ಕೇಳಿ ನೋಡುತ್ತೇನೆ. ಆಡಿಟ್ ತಪ್ಪುಗಳು ಮತ್ತು ಕ್ವೆರಿ ಲೆಕ್ಕ, ಎರಡನ್ನೂ ಪಕ್ಕಪಕ್ಕ ಇಟ್ಟು ಕಳಿಸುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ವಿದ್ಯಾನಗರದವ (ಐದು ವಾರದ ನಂತರ)

ಇಲ್ಲಿ ಬರೆಯುತ್ತೇನೆ ಅಂತ ಹೇಳಿದ್ದೆ, ಬಂದಿದ್ದೇನೆ.

ಕಷ್ಟದ ಚಾರ್ಟ್ ನೋಡುವ ಆರು ಜನರಿಗೆ ಕೆಂಪು ಪಟ್ಟಿ ನಿಲ್ಲಿಸಲು ಒಪ್ಪಿದರು. ಕ್ವೆರಿಯನ್ನೂ ಕೆಲಸದ ಲೆಕ್ಕಕ್ಕೆ ಸೇರಿಸಿದೆವು. ಅವರ ಚಾರ್ಟ್‌ಗಳು ಇನ್ನು ಎರಡನೇ ಸಲ ಪರೀಕ್ಷೆ ಮಾಡುವವರ ಕೈಗೆ ಹೋಗುವುದಿಲ್ಲ, ಅವರೇ ನೇರ ಕ್ಲೈಂಟಿಗೆ ಕಳಿಸುತ್ತಾರೆ. ನೂರಕ್ಕೆ ಹತ್ತನ್ನು ಮಾತ್ರ ಆಮೇಲೆ ಎತ್ತಿ ನೋಡುತ್ತೇವೆ. ಯಾವ ಹತ್ತು ಅಂತ ನನಗೂ ಮೊದಲೇ ಗೊತ್ತಿರುವುದಿಲ್ಲ.

ಆರು ಜನರಲ್ಲಿ ಐದು ಜನರ ಕೆಲಸ 96ರ ಮೇಲಿದೆ. ಚಾರ್ಟ್ ಸಂಖ್ಯೆ ಸ್ವಲ್ಪ ಇಳಿದಿದೆ. ಒಬ್ಬಳು ಒಂದೇ ಚಾರ್ಟ್ ಮೇಲೆ ಮುಕ್ಕಾಲು ಗಂಟೆ ಕೂತಿದ್ದಳು. ನನಗೆ ಕಾಲು ನಿಲ್ಲಲಿಲ್ಲ, ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಕೇಳಲಿಲ್ಲ.

ಆರನೆಯವನ ವಿಷಯ ಮಂಡಿಪೇಟೆ ಅಣ್ಣನಿಗಾಗಿ ಹೇಳುತ್ತಿದ್ದೇನೆ. ಅವನು ಇನ್ನೊಂದು ಕಂಪನಿಗೂ ಕೆಲಸ ಮಾಡುತ್ತಿದ್ದ. ಹತ್ತರ ಪರೀಕ್ಷೆಯಲ್ಲಿ ಎರಡನೇ ವಾರವೇ ಗೊತ್ತಾಯಿತು. ಹಳೇ ಫೋಟೋಗಳನ್ನು ತೆಗೆದು ನೋಡಿದೆ. ಆಗಲೂ ಮಾಡುತ್ತಿದ್ದ. ಆರು ತಿಂಗಳು ಅವನ ಹೆಸರಿನ ಮುಂದೆ ಒಂದು ದಿನವೂ ಕೆಂಪು ಪಟ್ಟಿ ಬಂದಿರಲಿಲ್ಲ.

ಮಂಡಕ್ಕಿ ಮೆಣಸಿನಕಾಯಿ

ವಾಚ್!

ಮಂಡಿಪೇಟೆ ಅಂಗಡಿ

ಕ್ಯಾಮೆರಾ ಇನ್ನೂ ತೆಗೆದಿಲ್ಲ. ಆದರೆ ದಿನಾ ಸಂಜೆ ಹತ್ತು ಚೀಟಿ ಎತ್ತಿ ತಾಳೆ ನೋಡೋಕೆ ಶುರು ಮಾಡಿದ್ದೀನಿ. ಎಲ್ಲರ ಮುಂದೆ. ನನ್ನ ಮಗ ಬರೆದ ಚೀಟಿನೂ ಸೇರಿಸಿ.

ನೈಟ್ ಶಿಫ್ಟ್

ಒಳ್ಳೇದಾಯ್ತು ಸರ್. ಉಳಿದ 12 ಜನಕ್ಕೆ?

ವಿದ್ಯಾನಗರದವ

ಮುಂದಿನ ಆಡಿಟ್ ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ ಬೆಂಗಳೂರಿನವರು.

ನೈಟ್ ಶಿಫ್ಟ್

ಅಂದರೆ ಅವರು ಇನ್ನೂ ಮೌಸ್ ಅಲ್ಲಾಡಿಸುತ್ತಾ ಕೂತಿದ್ದಾರೆ.

ವಿದ್ಯಾನಗರದವ

ಹೌದು. ಅದರಲ್ಲಿ ಒಬ್ಬಳು ನಿನ್ನೆ ಬಂದು ಕೇಳಿದಳು, ‘ಸರ್, ಅವರಿಗೆ ಮಾತ್ರ ಯಾಕೆ?’ ಅಂತ. ಇವತ್ತು ಉತ್ತರ ಕೊಡುತ್ತೇನೆ ಅಂದಿದ್ದೆ. ಇನ್ನೂ ಕೊಟ್ಟಿಲ್ಲ.